ಸುಮನಹಳ್ಳಿಯ ಪಕ್ಕದಲ್ಲಿ ನಮ್ಮ ಸಾಕ್ಷಿ



ರಾಜಾಜಿನಗರದಿಂದ ಕೆಂಗೇರಿಯವರೆಗಿನ ಸಭೆಗಳಿಂದ ಬಂದಿರುವ ಕಥೋಲಿಕರು, ಸಿಎಸ್‌ಐನವರು, ಮೆಥೊಡಿಸ್ಟರು, ಪೆಂತೆಕೊಸ್ತರು ಎಲ್ಲರೂ ಒಂದೇ ಚಪ್ಪರದಡಿ ಕೂತಿದ್ದೀರಿ. ಇದನ್ನು ಕಂಡ ಸಂತೋಷವೇ ನನಗೆ ದೊಡ್ಡದು.

ದಿನನಿತ್ಯದ ಬದುಕಿನಲ್ಲಿ ಸಾಕ್ಷಿಯಾಗುವುದರ ಬಗ್ಗೆ ಮಾತಾಡಲು ಹೇಳಿದ್ದೀರಿ. ಇಂಥ ವೇದಿಕೆಗಳಲ್ಲಿ ನಾವು ಸಾಮಾನ್ಯವಾಗಿ 1843ರ ‘ಮಂಗಳೂರ ಸಮಾಚಾರ’ದಿಂದ, 1894ರ ಕಿಟೆಲ್ ನಿಘಂಟಿನಿಂದ ಮಾತು ಶುರು ಮಾಡುತ್ತೇವೆ. ಹೆಮ್ಮೆ ಪಡಬೇಕಾದದ್ದೇ. ಆದರೆ ಅದು ಆ ಮಿಷನರಿ ಹಿರಿಯರು ಕೊಟ್ಟು ಹೋದ ಸಾಕ್ಷಿ. ನಮ್ಮದೇನು ಎಂದು ಕೇಳಿಕೊಳ್ಳಲು ಮಂಗಳೂರಿಗೆ ಹೋಗಬೇಕಿಲ್ಲ, ಮಾಗಡಿ ರಸ್ತೆಗೆ ಹೋದರೆ ಸಾಕು.

ಅಲ್ಲಿನ ಸುಮನಹಳ್ಳಿ ಎಂದರೆ ಇವತ್ತು ಬಹಳ ಜನರಿಗೆ ಮೇಲ್ಸೇತುವೆ, ಟ್ರಾಫಿಕ್ಕು, ಬಸ್ ಸ್ಟಾಪು. ಅದೇ ಹೆಸರಿನ ಪುನರ್ವಸತಿ ಕೇಂದ್ರ ಅಲ್ಲೇ ಇದೆ. 1970ರ ದಶಕದ ಕೊನೆಯಲ್ಲಿ, ರಾಜ್ಯ ಸರ್ಕಾರದ ಕೋರಿಕೆಯ ಮೇಲೆ, ಬೆಂಗಳೂರು ಮಹಾಧರ್ಮಕ್ಷೇತ್ರ ಕುಷ್ಠಪೀಡಿತರಿಗಾಗಿ ಅದನ್ನು ಕಟ್ಟಿತು. ಆ ಕಾಲವನ್ನು ನೆನೆಯಿರಿ. ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದೇ 1981ರಲ್ಲಿ. ಬಡ ರೋಗಿಗಳನ್ನು ಹಿಡಿದು ಕೂಡಿಹಾಕಲು ಅವಕಾಶ ಕೊಟ್ಟ 1898ರ ಕಾಯ್ದೆ ರದ್ದಾಗುವ ಹೊತ್ತಿಗೆ 2016 ಬಂದಿತ್ತು. ಗಂಡನಿಗೋ ಹೆಂಡತಿಗೋ ಕುಷ್ಠವಿದೆ ಎಂದು ವಿಚ್ಛೇದನ ಕೇಳುವ ಅವಕಾಶವನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ಕಾನೂನೇ ಇಷ್ಟು ತಡ ಮಾಡಿರುವಾಗ, ಆಗ ಬೀದಿಯ ಜನರಲ್ಲಿ ಎಂಥ ಭಯವಿತ್ತೆಂದು ಊಹಿಸಿ. ಅಂಥ ದಿನಗಳಲ್ಲಿ ಅಲ್ಲಿ ಗಾಯ ತೊಳೆದು ಬಟ್ಟೆ ಕಟ್ಟಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಚರ್ಮದ ಕೆಲಸ, ಹೊಲಿಗೆ ಕಲಿಸಿ ಸಂಬಳದ ದುಡಿಮೆ ಕೊಟ್ಟರು. ಭಿಕ್ಷೆಗೆ ಚಾಚುತ್ತಿದ್ದ ಕೈ ಹೊಲಿದ ಚೀಲವನ್ನು ಊರಿನವರು ಹೆಗಲಿಗೆ ಹಾಕಿಕೊಂಡು ಓಡಾಡುವಂತಾಯಿತು. ನನ್ನ ಮಟ್ಟಿಗೆ ಪಶ್ಚಿಮ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಪ್ರಸಂಗ ಯಾರೂ ಮಾಡಿಲ್ಲ.

ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯ ನಿಮಗೆ ಗೊತ್ತು. ಕುಷ್ಠರೋಗಿ ಬಂದು ಮೊಣಕಾಲೂರಿದಾಗ ಯೇಸುಸ್ವಾಮಿ ಮೊದಲು ಕೈಚಾಚಿ ಮುಟ್ಟಿದರು. ರೋಗ ಹೋದದ್ದು ಆಮೇಲೆ. ಗುಣವಾದ ಮೇಲೆ ಮುಟ್ಟುವುದು ಯಾರಿಗೆ ಕಷ್ಟ? ಆಮೇಲೆ, ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ಮೈ ತೋರಿಸು, ಅದೇ ಸಾಕ್ಷಿಯಾಗಲಿ ಎಂದು ಕಳಿಸಿದರು. ಹೊರಗಿಡಲ್ಪಟ್ಟವನು ಮತ್ತೆ ಜನರ ನಡುವೆ ನಿಂತದ್ದೇ ಅಲ್ಲಿ ಸಾಕ್ಷಿ.

ಹಾಗಾದರೆ ನಾವು ಇವತ್ತು ಯಾರನ್ನು ಮುಟ್ಟುತ್ತಿಲ್ಲ? ಕಹಿಯಾದರೂ ಹೇಳುತ್ತೇನೆ, ಕ್ಷಮಿಸಿ. ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ನಾವು ಬಾಡಿಗೆ ಮನೆ ಹುಡುಕುವಾಗ ಕ್ರೈಸ್ತರೆಂದು ಇಲ್ಲ ಅನ್ನಿಸಿಕೊಂಡರೆ ಎದೆ ಉರಿಯುತ್ತದೆ. ಅದೇ ನಾವು ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಡುವಾಗ ಬಂದವರ ಜಾತಿಯನ್ನು ಸುತ್ತಿ ಬಳಸಿ ಕೇಳುತ್ತೇವೆ. ಒಂದೇ ಪ್ರಭುಭೋಜನಕ್ಕೆ ಕೈ ಒಡ್ಡುವವರು ಮಕ್ಕಳ ಮದುವೆಯ ಮಾತು ಬಂದಾಗ ಮೂಲ ಯಾವುದು ಎಂದು ವಿಚಾರಿಸುತ್ತಾರೆ. ಬಸವಣ್ಣನವರ ಹೆಸರಿಟ್ಟ ಬಡಾವಣೆಯಲ್ಲಿ ಕೂತು, ಯೇಸುವಿನ ಹೆಸರು ಹೊತ್ತು, ಹೀಗೆ ಕೇಳಿದರೆ ಇಬ್ಬರಿಗೂ ದ್ರೋಹ.

ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳ ಮಾಲೀಕರಲ್ಲಿ ನಮ್ಮವರೂ ಇದ್ದಾರೆ. ಹತ್ತು ಜನ ಕೆಲಸಗಾರರಾದರೆ ಇಎಸ್‌ಐ ಕಟ್ಟಬೇಕು. ಹಾಗಾಗಿ ಹನ್ನೆರಡು ಜನ ದುಡಿಯುವ ಕಡೆ ರಿಜಿಸ್ಟರಿನಲ್ಲಿ ಒಂಬತ್ತೇ ಹೆಸರು ಬರೆಯುವ ರೂಢಿಯೊಂದಿದೆ. ಮಾಲೀಕ ಕಟ್ಟಬೇಕಾದದ್ದು ಸಂಬಳದ ನೂರಕ್ಕೆ ಮೂರೂಕಾಲು ರೂಪಾಯಿ. ಅದು ಉಳಿಯಿತೆಂದು, ಪ್ರೆಸ್ಸಿಗೆ ಬೆರಳು ಕೊಟ್ಟ ಹುಡುಗ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಕೂಗಳತೆಯಲ್ಲಿದ್ದರೂ ಸಾಲ ಮಾಡಿ ಖಾಸಗಿ ನರ್ಸಿಂಗ್ ಹೋಮಿಗೆ ಹೋಗುತ್ತಾನೆ. ಆ ಮಾಲೀಕರು ಭಾನುವಾರ ಎಷ್ಟು ಇಂಪಾಗಿ ಹಾಡಿದರೂ ಆ ಹುಡುಗನ ಮನೆಯವರಿಗೆ ಕ್ರಿಸ್ತ ಕಾಣುವುದಿಲ್ಲ.

ಇನ್ನೊಂದು ಮಾತು. 2022ರಲ್ಲಿ ಮತಾಂತರ ತಡೆಯ ಕಾಯ್ದೆ ಬಂದಾಗಿನಿಂದ ನಮ್ಮಲ್ಲಿ ಅನೇಕರು ಬಾಯಿ ಮುಚ್ಚಿಕೊಂಡಿದ್ದಾರೆ. ಆಫೀಸಿನಲ್ಲಿ ಬೈಬಲ್ ಮೇಜಿನಿಂದ ಚೀಲಕ್ಕೆ ಇಳಿದಿದೆ. ಈ ಭಯ ನನಗೆ ಅರ್ಥವಾಗುತ್ತದೆ. ಆದರೆ ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಸಾರುವ ಹಕ್ಕನ್ನು ನಮಗೂ ಕೊಟ್ಟಿದೆ. ಪಕ್ಕದ ಮನೆಯಾಕೆ, ‘ಅಕ್ಕಾ, ನಮ್ಮತ್ತೆ ಹಾಸಿಗೆ ಹಿಡಿದಾಗ ನೀವ್ಯಾಕೆ ದಿನಾ ಬಂದ್ರಿ?’ ಎಂದು ಕೇಳಿದರೆ ಮಾತು ತೇಲಿಸಬೇಡಿ. ನನ್ನ ಸ್ವಾಮಿ ನನಗೆ ಹಾಗೆ ಮಾಡಿದ್ದಾನೆ, ಅದಕ್ಕೆ ಬಂದೆ ಎಂದು ನೆಟ್ಟಗೆ ಹೇಳಿ. ಮಾರ್ಕನ ಆ ಮನುಷ್ಯನೂ ಸುಮ್ಮನಿರಲಾರದೆ ಹೋದಲ್ಲೆಲ್ಲ ಸಾರಿದನಲ್ಲ! ಕಾಯಿಲೆಯವರ ಹಾಸಿಗೆಯ ಪಕ್ಕ ನಿಂತು ಸಭೆಗೆ ಬಂದರೆ ವಾಸಿಯಾಗುತ್ತದೆ ಎನ್ನುವುದು ಮಾತ್ರ ಸಾಕ್ಷಿಯಲ್ಲ, ಅದು ವ್ಯಾಪಾರ. ಅದನ್ನು ಕಾಯ್ದೆಗೆ ಹೆದರಿ ಅಲ್ಲ, ಕ್ರಿಸ್ತನಿಗೆ ಅಂಜಿ ಬಿಡೋಣ.

ಸಂಜೆಯ ಠರಾವುಗಳಲ್ಲಿ ಮೂರನ್ನು ಸೇರಿಸಬೇಕೆಂದು ಬೇಡುತ್ತೇನೆ. ಮನೆ ಬಾಡಿಗೆಗೆ ಕೊಡುವಾಗ, ಮದುವೆ ಕುದುರಿಸುವಾಗ ಜಾತಿ ಕೇಳುವುದಿಲ್ಲವೆಂದು ಪ್ರತಿ ಸಭೆಯಲ್ಲೂ ಓದಿ ಒಪ್ಪಿಕೊಳ್ಳಬೇಕು. ಅಂಗಡಿ, ವರ್ಕ್‌ಶಾಪು ಇರುವವರು ಕೆಲಸಗಾರರ ಹೆಸರುಗಳನ್ನು ಪೂರ್ತಿ ಬರೆಸಬೇಕು. ಸುಮನಹಳ್ಳಿಗೆ ಕ್ರಿಸ್‌ಮಸ್ಸಿನಲ್ಲಿ ಕೇಕು, ಕ್ಯಾಮೆರಾ ಹಿಡಿದು ಹೋಗುವವರು ಬಹಳ. ನಾವು ಜೂನ್, ಜುಲೈನ ಮಳೆಯಲ್ಲಿ ಹೋಗೋಣ, ಅಲ್ಲಿನವರನ್ನೇ ಏನು ಬೇಕೆಂದು ಕೇಳಿ ಅದನ್ನು ಮಾಡೋಣ. ಮೊದಲ ವಾರಕ್ಕೆ ಹೆಸರು ಕೊಡುವವರು ಊಟದ ವೇಳೆಗೆ ಕಾರ್ಯದರ್ಶಿಗಳಲ್ಲಿ ಬರೆಸಿ. ನನ್ನ ಹೆಸರನ್ನು ಆಗಲೇ ಬರೆಸಿದ್ದೇನೆ.