ಕಂಪೆನಿಯ ಕಾಣದ ಹೊಣೆಗಳು



ಉಳಿತಾಯದ ಹಣವನ್ನು ಕಂಪೆನಿಗಳ ಷೇರುಗಳಲ್ಲಿ ತೊಡಗಿಸುವ ರೂಢಿ ನಮ್ಮ ಪಟ್ಟಣಗಳಲ್ಲಿ ಬಹಳವಾಗಿ ಬೆಳೆದಿದೆ. ಹಾಗೆ ತೊಡಗಿಸುವ ಮುನ್ನ ಬಹುಮಂದಿ ವಿಚಾರಿಸುವುದು ಎರಡೇ ಸಂಗತಿಗಳನ್ನು: ಲಾಭವೆಷ್ಟು, ಡಿವಿಡೆಂಡು ಎಷ್ಟು. ಎಚ್ಚರವುಳ್ಳ ಕೆಲವರು ಆಸ್ತಿ ಮತ್ತು ಸಾಲಗಳ ಪಟ್ಟಿಯನ್ನೂ ನೋಡುವುದುಂಟು. ಆದರೆ ಆ ಪಟ್ಟಿಯ ಹಿಂದೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಒಂದು ಟಿಪ್ಪಣಿಯನ್ನು ಓದುವವರು ವಿರಳ. ಅದರಲ್ಲಿ ಅಡಗಿರುವುದೇನು ಎಂಬುದನ್ನು ಈಗ ನಾವು ವಿಚಾರ ಮಾಡೋಣ.

ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳೋಣ. ಆತನು ಮನೆ ಕಟ್ಟಿಸಲು ಕಂತ್ರಾಟುದಾರನೊಡನೆ ಕರಾರು ಮಾಡಿಕೊಂಡು ಮುಂಗಡ ಕೊಟ್ಟಿದ್ದಾನೆ. ಕೆಲಸ ಇನ್ನೂ ನಡೆದಿಲ್ಲವಾದುದರಿಂದ ಉಳಿದ ಮೊಬಲಗು ಇಂದಿನ ಸಾಲವಲ್ಲ. ಆದರೂ ಕೊಡುವುದು ತಪ್ಪದು. ಇದು ಬದ್ಧತೆ. ಅದೇ ಗೃಹಸ್ಥನು ತನ್ನ ಭಾವಮೈದುನನ ಸಾಲಕ್ಕೆ ಜಾಮೀನು ನಿಂತಿದ್ದಾನೆ. ಭಾವಮೈದುನನು ಸಾಲ ತೀರಿಸಿದರೆ ಈತನಿಗೆ ಕಾಸಿನ ಖರ್ಚೂ ಇಲ್ಲ. ತೀರಿಸದಿದ್ದರೆ ಸಾಲಗಾರರು ಬಂದು ನಿಲ್ಲುವುದು ಈತನ ಬಾಗಿಲಲ್ಲಿ. ಮುಂದೆ ನಡೆಯಬಹುದಾದ ಅಥವಾ ನಡೆಯದಿರಬಹುದಾದ ಒಂದು ಸಂಗತಿಯನ್ನು ಅವಲಂಬಿಸಿರುವ ಇಂಥ ಭಾರವೇ ಸಂಭಾವ್ಯ ಹೊಣೆ.

ಕಂಪೆನಿಗಳ ಸ್ಥಿತಿಯೂ ಇದೇ. ಯಂತ್ರಗಳಿಗೆ ಕೊಟ್ಟ ಆರ್ಡರು, ಕಟ್ಟಡದ ಕರಾರು ಇವು ಬದ್ಧತೆಗಳು. ಅಂಗಸಂಸ್ಥೆಗಳಿಗೆ ನಿಂತ ಜಾಮೀನು, ನ್ಯಾಯಾಲಯದಲ್ಲಿರುವ ವ್ಯಾಜ್ಯ, ವಿವಾದದಲ್ಲಿರುವ ತೆರಿಗೆ ಇವು ಸಂಭಾವ್ಯ ಹೊಣೆಗಳು. ಇವೆರಡನ್ನೂ ಟಿಪ್ಪಣಿಯಲ್ಲಿ ತಿಳಿಸತಕ್ಕದ್ದೆಂದು 2013ರ ಕಂಪೆನಿ ಕಾಯಿದೆಯ ಮೂರನೆಯ ಅನುಸೂಚಿ ವಿಧಿಸಿದೆ. ಹಣ ತೆರಬೇಕಾಗದಿರುವುದಕ್ಕಿಂತ ತೆರಬೇಕಾಗುವ ಸಂಭವವೇ ಹೆಚ್ಚಾಗಿದ್ದು, ಮೊತ್ತವನ್ನು ಅಂದಾಜು ಮಾಡಲು ಸಾಧ್ಯವಿದ್ದರೆ, ಅದನ್ನು ಲಾಭದಿಂದ ಕಳೆದು ತೆಗೆದಿರಿಸಬೇಕು. ತೆರಬೇಕಾಗಬಹುದು ಎಂಬಷ್ಟೇ ಇದ್ದರೆ ಟಿಪ್ಪಣಿಯಲ್ಲಿ ಹೇಳಿದರೆ ಸಾಕು. ಸಂಭವವು ಅತಿ ದೂರವೆನಿಸಿದರೆ ಸಾಮಾನ್ಯವಾಗಿ ಅದನ್ನೂ ಹೇಳಬೇಕಾಗಿಲ್ಲ. ತೊಡಕಿರುವುದು ಇಲ್ಲಿಯೇ. ಯಾವುದರ ಸಂಭವ ಹೆಚ್ಚು, ಯಾವುದು ದೂರ ಎಂಬುದನ್ನು ಮೊದಲು ನಿರ್ಣಯಿಸುವವರು ಕಂಪೆನಿಯ ಆಡಳಿತಗಾರರು. ಲೆಕ್ಕಪರಿಶೋಧಕರು ಅದನ್ನು ಪರಿಶೀಲಿಸುವರು. ಲಾಭವನ್ನು ಹೆಚ್ಚಾಗಿ ತೋರಿಸುವ ಆಶೆಯು ತಕ್ಕಡಿಯನ್ನು ಒಂದು ಕಡೆಗೆ ಎಳೆಯುವುದು ಸ್ವಾಭಾವಿಕ.

ಇದರ ಫಲವನ್ನು ನಮ್ಮ ದೇಶವು ಕಂಡಿದೆ. ದೂರವಾಣಿ ಕಂಪೆನಿಗಳು ಸರ್ಕಾರಕ್ಕೆ ತಮ್ಮ ವರಮಾನದ ಒಂದು ಪಾಲನ್ನು ಕೊಡಬೇಕು. ಆ ವರಮಾನದಲ್ಲಿ ಏನೇನು ಸೇರುತ್ತದೆ ಎಂಬ ವ್ಯಾಜ್ಯವು ಹತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದು, 2019ರ ಅಕ್ಟೋಬರ್ 24ರಂದು ಸರ್ವೋಚ್ಚ ನ್ಯಾಯಾಲಯವು ಸರ್ಕಾರದ ಪಕ್ಷವನ್ನೇ ಎತ್ತಿಹಿಡಿಯಿತು. ಅದೇ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳ ಲೆಕ್ಕದಲ್ಲಿ ವೊಡಾಫೋನ್ ಐಡಿಯಾ ಕಂಪೆನಿಯು 50,900 ಕೋಟಿ ರೂಪಾಯಿಗಳಿಗೂ ಮೀರಿದ ನಷ್ಟವನ್ನು ತೋರಿಸಬೇಕಾಯಿತು. ಭಾರತಿ ಏರ್‌ಟೆಲ್ಲಿನ ನಷ್ಟ 23,000 ಕೋಟಿಯನ್ನು ದಾಟಿತು. ವರ್ಷಗಟ್ಟಲೆ ವಿವಾದವೆನಿಸಿಕೊಂಡಿದ್ದುದು ಒಂದೇ ದಿನದಲ್ಲಿ ಋಣವಾಯಿತು.

ಜಾಮೀನಿನ ಉದಾಹರಣೆಯು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಕಿಂಗ್‌ಫಿಷರ್ ವಿಮಾನ ಕಂಪೆನಿಯ ಸಾಲಗಳಿಗೆ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್ ಸಂಸ್ಥೆಯು ಜಾಮೀನು ನಿಂತಿತ್ತು. 2012ರ ಅಕ್ಟೋಬರಿನಲ್ಲಿ ವಿಮಾನಗಳ ಹಾರಾಟ ನಿಂತಿತು. ಜಾಮೀನುದಾರನ ಹೊಣೆಯು, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಮೂಲ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದೆಂದು 1872ರ ಕರಾರು ಕಾಯಿದೆಯ 128ನೆಯ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಸಾಲಗಾರರು ಜಾಮೀನುದಾರನನ್ನು ಬೆನ್ನಟ್ಟಿದರು. 2017ರ ಫೆಬ್ರವರಿಯಲ್ಲಿ ಆ ಸಂಸ್ಥೆಯನ್ನೇ ಸಮಾಪ್ತಿಗೊಳಿಸುವಂತೆ ಕರ್ನಾಟಕದ ಉಚ್ಚ ನ್ಯಾಯಾಲಯವು ಆಜ್ಞಾಪಿಸಿತು. ವಿಮಾನದ ಷೇರನ್ನು ಕೊಳ್ಳದೆ, ಜಾಮೀನು ನಿಂತ ಸಂಸ್ಥೆಯ ಷೇರನ್ನು ಮಾತ್ರ ಕೊಂಡವನೂ ವಿಮಾನದೊಡನೆಯೇ ಕೆಳಗಿಳಿದನು.

ಹಾಗೆಂದು ಇಂಥ ಹೊಣೆಗಳೆಲ್ಲವೂ ಅಪಾಯದ ಗುರುತೆಂದು ತಿಳಿಯಬೇಕಾಗಿಲ್ಲ. ಬ್ಯಾಂಕುಗಳಿಗೆ ಜಾಮೀನು ಕೊಡುವುದೇ ವ್ಯಾಪಾರದ ಒಂದು ಅಂಗ. ಬೆಳೆಯುವ ಕಾರ್ಖಾನೆಗೆ ಬದ್ಧತೆಗಳು ಇದ್ದೇ ಇರುತ್ತವೆ. ನಾವು ನೋಡಬೇಕಾದುದು ಪ್ರಮಾಣವನ್ನು. ಟಿಪ್ಪಣಿಯಲ್ಲಿರುವ ಮೊತ್ತವು ಕಂಪೆನಿಯ ಸ್ವಂತ ಬಂಡವಾಳ ಮತ್ತು ಮೀಸಲು ನಿಧಿಗಳಲ್ಲಿ ಎಷ್ಟನೆಯ ಪಾಲು? ಹಿಂದಿನ ವರ್ಷಕ್ಕಿಂತ ಏರಿದೆಯೆ? ಜಾಮೀನು ಪಡೆದವರು ಸ್ವತಂತ್ರವಾಗಿ ಸಾಲ ತೀರಿಸಲು ಶಕ್ತರೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲು ಅರ್ಧ ಗಂಟೆ ಸಾಕು. ಸಾಲವು ಶೂಲವೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಇನ್ನೊಬ್ಬರ ಸಾಲಕ್ಕೆ ಹಾಕಿದ ರುಜುವೂ ಅಷ್ಟೇ ಮೊನಚಾದುದೆಂಬುದನ್ನು ನೆನಪಿನಲ್ಲಿಟ್ಟು, ಮುಂದಿನ ವಾರ್ಷಿಕ ವರದಿಯು ಕೈಸೇರಿದಾಗ ಆ ಸಣ್ಣ ಅಕ್ಷರಗಳ ಪುಟವನ್ನು ಮೊದಲು ತೆರೆಯೋಣ.