ತೈಲ ಸಿಕ್ಕ ಎರಡು ನಾಡುಗಳು



‘ಅಲ್ಲಿಯ ಜನ ಶಿಸ್ತಿನವರು, ಅದಕ್ಕೇ ದೇಶ ಮುಂದುವರಿದಿದೆ’ ಎಂದು ವಲಸಿಗರಾದ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನೈಜೀರಿಯಾ ಮತ್ತು ನಾರ್ವೆಗಳನ್ನು ಗಮನಿಸಿ.

ನೈಜೀರಿಯಾದಲ್ಲಿ 1956ರಲ್ಲಿ ತೈಲ ಸಿಕ್ಕಾಗ ಅದು ಬ್ರಿಟಿಷರ ವಸಾಹತು. ನಾರ್ವೆಗೆ 1969ರಲ್ಲಿ ಸಿಕ್ಕಿತು. ಅಷ್ಟರಲ್ಲಿ ಅಲ್ಲಿ ಸಂಸತ್ತು, ಕಾರ್ಮಿಕ ಸಂಘಗಳು ಬೇರೂರಿದ್ದವು. ತೈಲ ಕಂಪನಿಗಳ ಲಾಭದ ಶೇ. 78ರಷ್ಟು ಅಲ್ಲಿ ತೆರಿಗೆ; 1990ರ ಕಾಯ್ದೆಯ ನಿಧಿ ಮುಂದಿನ ಪೀಳಿಗೆಗೂ ಉಳಿಸುತ್ತಿದೆ. ನಾರ್ವೆಯ ಜನಸಂಖ್ಯೆ ಚಿಕ್ಕದು, ನಿಜ. ಆದರೆ ಒಗೊನಿ ಜನರ ಹೊಲ, ಹೊಳೆಗಳು ತೈಲದಿಂದ ಕೆಟ್ಟಾಗ ದನಿಯೆತ್ತಿದ ಲೇಖಕ ಕೆನ್ ಸಾರೊ-ವಿವಾ ಅವರನ್ನು ನೈಜೀರಿಯಾದ ಸೇನಾ ಸರ್ಕಾರ 1995ರಲ್ಲಿ ಗಲ್ಲಿಗೇರಿಸಿತು.

ಲೆಕ್ಕ ಕೇಳುವ ಹಕ್ಕು ಒಂದೆಡೆ ಇತ್ತು, ಇನ್ನೊಂದೆಡೆ ಇರಲಿಲ್ಲ. ನಮ್ಮ ತಾಯ್ನಾಡಿನಲ್ಲಿ ಪ್ರಶ್ನಿಸುವವರನ್ನು ‘ಅಭಿವೃದ್ಧಿ ವಿರೋಧಿಗಳು’ ಎಂದು ಜರೆಯುವ ಮುನ್ನ ಇದನ್ನು ನೆನೆಯೋಣ.