ಮತ ಹಾಕಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ



ಅಧಿಕಾರವು ಒಂದು ಅಮಾನತ್ತು ಎಂದು ನಂಬಿದವರು ನಾವು. ಪ್ರತಿಯೊಬ್ಬನೂ ತನ್ನ ವಶದಲ್ಲಿರುವವರ ಬಗ್ಗೆ ನಾಳೆ ಉತ್ತರಿಸಬೇಕಾಗುತ್ತದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಇದನ್ನು ಶಾಸಕರಿಗೆ, ಮಂತ್ರಿಗಳಿಗೆ ಅನ್ವಯಿಸಿ ನಾವು ಸುಮ್ಮನಾಗುತ್ತೇವೆ. ಆದರೆ ಆ ಅಮಾನತ್ತನ್ನು ಅವರ ಕೈಗೆ ಒಪ್ಪಿಸಿದವರು ಯಾರು? ನಾವೇ ಅಲ್ಲವೇ? ಒಪ್ಪಿಸಿದ ಮೇಲೆ ಲೆಕ್ಕ ಕೇಳದವನು ಹೊಣೆಯಿಂದ ಪಾರಾಗುವುದಾದರೂ ಹೇಗೆ?

ಹಝ್ರತ್ ಅಬೂಬಕರ್(ರ) ಖಲೀಫರಾಗಿ ಆಯ್ಕೆಯಾದಾಗ ಮಾಡಿದ ಮೊದಲ ಭಾಷಣವನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ತಾನು ಸರಿಯಾಗಿ ನಡೆದರೆ ನೆರವಾಗಬೇಕು, ದಾರಿ ತಪ್ಪಿದರೆ ತಿದ್ದಬೇಕು ಎಂದು ಅವರು ಜನರನ್ನು ಕೇಳಿಕೊಂಡರು. ತಿದ್ದುವುದು ಜನರ ಕೆಲಸ ಎಂದು ಆಳುವವರೇ ಹೇಳಿದ ಮಾತಿದು.

ಇಂದು ನಾವು ಜನಪ್ರತಿನಿಧಿಗಳ ಬಳಿ ಏನು ಕೇಳುತ್ತೇವೆ? ಮಸೀದಿಯ ಆವರಣ ಗೋಡೆಗೆ ಸ್ವಲ್ಪ ದೇಣಿಗೆ, ಮಗನಿಗೊಂದು ಶಿಫಾರಸು ಪತ್ರ, ಮಗಳ ಮದುವೆಗೆ ಬಂದು ಹೋಗುವ ಮರ್ಯಾದೆ. ಇಫ್ತಾರ್ ಕೂಟಕ್ಕೆ ಕರೆದು ಶಾಲು ಹೊದಿಸುತ್ತೇವೆ. ಮರುದಿನ ಮೊಹಲ್ಲಾದ ಸರಕಾರಿ ಶಾಲೆಯಲ್ಲಿ ಶಿಕ್ಷಕರಿಲ್ಲ ಎಂದು ಹೇಳಬೇಕಾದಾಗ ನಾಲಗೆ ಏಳುವುದಿಲ್ಲ. ಉಪಕಾರ ಪಡೆದವನಿಗೆ ಪ್ರಶ್ನಿಸುವ ಧೈರ್ಯ ಉಳಿಯುವುದಿಲ್ಲ. ಹಣ ಪಡೆದು ಮತ ಹಾಕಿದವನ ಪಾಡಂತೂ ಹೇಳುವುದೇ ಬೇಡ. ಲಂಚ ಕೊಟ್ಟವನಿಗೂ ಪಡೆದವನಿಗೂ ಇಸ್ಲಾಮ್ ನೀಡಿದ ಎಚ್ಚರಿಕೆ ಒಂದೇ.

ನಿಜವಾಗಿ ಅದು ಉಪಕಾರವೂ ಅಲ್ಲ. ಸ್ಥಳೀಯ ಅಭಿವೃದ್ಧಿಗೆಂದು ನಮ್ಮ ರಾಜ್ಯದ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿಯ ನಿಧಿಯಿದೆ. ಅದು ಯಾರ ಕಿಸೆಯ ಹಣವೂ ಅಲ್ಲ. ಅಂಗಡಿಯಿಂದ ಸಾಬೂನು ಕೊಳ್ಳುವ ಬಡ ವಿಧವೆಯೂ ಕಟ್ಟಿದ ತೆರಿಗೆ.

ಲೆಕ್ಕ ಕೇಳಲು ದೊಡ್ಡ ವಿದ್ಯೆ ಬೇಕಿಲ್ಲ. 1994ರ ಡಿಸೆಂಬರ್ 2ರಂದು ರಾಜಸ್ಥಾನದ ಕೋಟ್ ಕಿರಾನಾ ಗ್ರಾಮದಲ್ಲಿ ಮಝ್ದೂರ್ ಕಿಸಾನ್ ಶಕ್ತಿ ಸಂಘಟನೆಯು ಮೊದಲ ಜನ ವಿಚಾರಣೆ ನಡೆಸಿತು. ಸರಕಾರಿ ಕಾಮಗಾರಿಗಳ ದಾಖಲೆಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಕೆಲಸಕ್ಕೇ ಬಾರದವರ ಹೆಸರಲ್ಲಿ ಕೂಲಿ ಬರೆದದ್ದು ಇಂತಹ ವಿಚಾರಣೆಗಳಲ್ಲಿ ಬಯಲಾಯಿತು. ಎದ್ದು ನಿಂತು ಸಾಕ್ಷಿ ಹೇಳಿದವರು ಕೂಲಿಕಾರರು, ಓದು ಬಾರದ ಮಹಿಳೆಯರು. 1996ರಲ್ಲಿ ಅವರು ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕುಳಿತರು. ಆ ಹೋರಾಟ ದೇಶದಾದ್ಯಂತ ಹಬ್ಬಿ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು.

ಆ ಕಾಯ್ದೆ ಇಂದು ನಮ್ಮ ಕೈಯಲ್ಲಿದೆ. ಅರ್ಜಿಗೆ 10 ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಲೇಬೇಕು. ನಮ್ಮ ಪಂಚಾಯತ್ ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮ ಸಭೆ ನಡೆಯಬೇಕು. ಅಲ್ಲಿ ನಮ್ಮವರೆಷ್ಟು ಮಂದಿ ಹೋಗುತ್ತೇವೆ? ನಮ್ಮ ತಾಯಂದಿರನ್ನು, ಸಹೋದರಿಯರನ್ನು ಕರೆದೊಯ್ಯುತ್ತೇವೆಯೇ? ನೀರಿನ ಕಷ್ಟ, ಪಡಿತರ ಅಂಗಡಿಯ ಸಾಲು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅಭ್ಯರ್ಥಿಗಳು ತಮ್ಮ ಆಸ್ತಿ, ತಮ್ಮ ಮೇಲಿನ ಮೊಕದ್ದಮೆಗಳ ಬಗ್ಗೆ ಸಲ್ಲಿಸುವ ಪ್ರಮಾಣಪತ್ರವನ್ನು ಮತದಾನಕ್ಕೆ ಮುಂಚೆ ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ?

ಎರಡು ವಿಷಯ ನೆನಪಿರಲಿ. ಮೊದಲನೆಯದು, ಗೆದ್ದವನು ನಮ್ಮ ಸಮುದಾಯದವನು ಎಂಬ ಕಾರಣಕ್ಕೆ ಪ್ರಶ್ನೆ ಮೆತ್ತಗಾಗಬಾರದು. ನ್ಯಾಯದ ವಿಷಯದಲ್ಲಿ ಸ್ವಂತ ಹೆತ್ತವರೆಂದೂ ನೋಡಬಾರದೆಂಬುದು ಕುರ್‌ಆನಿನ ಆದೇಶ. ಎರಡನೆಯದು, ನೆರೆಯ ಹಿಂದೂ, ಕ್ರೈಸ್ತ ಸಹೋದರರ ಜೊತೆಗೂಡಿ ಕೇಳೋಣ. ಮಳೆಗಾಲದಲ್ಲಿ ಚರಂಡಿಯ ನೀರು ನುಗ್ಗುವುದು ಎಲ್ಲರ ಮನೆಗೂ. ಕೇಳುವಾಗ ಬೈಗುಳ ಬೇಡ, ಸುಳ್ಳು ಆರೋಪ ಬೇಡ. ಕೈಯಲ್ಲಿ ದಾಖಲೆಯಿರಲಿ, ಮಾತಿನಲ್ಲಿ ಸಭ್ಯತೆಯಿರಲಿ.

ಮುಂದಿನ ಗ್ರಾಮ ಸಭೆಯ ದಿನಾಂಕವನ್ನು ಪಂಚಾಯತ್ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳೋಣ. ಮಸೀದಿಯ ಫಲಕದಲ್ಲಿ ಬರೆದು ಹಾಕೋಣ. ಆರಂಭಕ್ಕೆ ಅಷ್ಟು ಸಾಕು.

ಅಮಾನತ್ತನ್ನು ಅರ್ಹರಿಗೆ ಒಪ್ಪಿಸುವ ವಿವೇಕವನ್ನೂ, ಒಪ್ಪಿಸಿದ ಮೇಲೆ ಲೆಕ್ಕ ಕೇಳುವ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.